ಧ್ವನಿಗೆ ರೂಪವನ್ನು ಹುಡುಕಿದ ಉಪಾಧ್ಯಾಯರು
ಅಲೆಕ್ಸಾಂಡರ್ ಗ್ರಹಾಂ ಬೆಲ್ ಮಹಾಶಯರ ಚರಿತ್ರೆ

ಟೆಲಿಫೋನ್ ಯಂತ್ರವನ್ನು ಕಂಡುಹಿಡಿದವರು ಯಾರೆಂದು ನಮ್ಮ ಶಾಲೆಯ ಕೆಳತರಗತಿಯ ಬಾಲಿಕೆಯನ್ನು ಕೇಳಿದರೂ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬ ಹೆಸರನ್ನು ಆಕೆಯು ತಡವಿಲ್ಲದೆ ಹೇಳುವಳು. ಆದರೆ ಈ ಮಹಾಶಯರು ತಮ್ಮ ಉದ್ಯೋಗವೇನೆಂದು ಕೇಳಿದವರಿಗೆ ತಾವು ಕಿವುಡ ಮಕ್ಕಳ ಉಪಾಧ್ಯಾಯರೆಂದೇ ಹೇಳಿಕೊಳ್ಳುತ್ತಿದ್ದರೆಂಬುದನ್ನು ಬಲ್ಲವರು ಸ್ವಲ್ಪ ಮಂದಿ. ಅವರ ಹೆತ್ತ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಅವರು ಕೈಹಿಡಿದ ಪತ್ನಿಗೂ ಕಿವಿ ಕೇಳುತ್ತಿರಲಿಲ್ಲ. ಲೋಕವೆಲ್ಲವೂ ಕೊಂಡಾಡಿದ ಆ ಯಂತ್ರದಿಂದ ಯಾವ ಪ್ರಯೋಜನವನ್ನೂ ಹೊಂದಲಾರದ ಇಬ್ಬರು ಸ್ತ್ರೀಯರು ಅವರಿಗೆ ಅತ್ಯಂತ ಪ್ರಿಯರಾದವರೇ ಆಗಿದ್ದರು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಚರಿತ್ರೆಯನ್ನು ಓದಿದರೆ, ಯಂತ್ರದ ಕಥೆಗಿಂತಲೂ ದೊಡ್ಡದಾದ ಇನ್ನೊಂದು ಕಥೆಯು ಅದರಲ್ಲಿ ಕಾಣುವುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಉಪಾಧ್ಯಾಯಿನಿಯರೂ ತಾಯಂದಿರೂ ಆಗಿರುವುದರಿಂದ ಅದನ್ನು ಈ ಸಂಚಿಕೆಯಲ್ಲಿ ಬರೆಯುವುದು ಯುಕ್ತವೆಂದು ನಮಗೆ ತೋರಿತು.

ಬೆಲ್ ಮಹಾಶಯರು ಸ್ಕಾಟ್ಲೆಂಡ್ ದೇಶದ ಎಡಿನ್‌ಬರೋ ಪಟ್ಟಣದಲ್ಲಿ 1847ನೆಯ ಇಸವಿ ಮಾರ್ಚಿ 3ನೆಯ ತಾರೀಖಿನಲ್ಲಿ ಜನಿಸಿದರು. ಅಜ್ಜನ ಹೆಸರೂ ಅಲೆಕ್ಸಾಂಡರ್, ತಂದೆಯ ಹೆಸರೂ ಅಲೆಕ್ಸಾಂಡರ್. ಮಗುವಿಗೂ ಅದೇ ಹೆಸರನ್ನಿಟ್ಟರು. ಹೀಗೆ ಮನೆತುಂಬ ಒಂದೇ ಹೆಸರಾದ್ದರಿಂದ ಬಾಲಕನು ತನಗೆ ಬೇರೊಂದು ಹೆಸರು ಬೇಕೆಂದು ಹಟಹಿಡಿಯಲು, ತಂದೆಯು ಅವನ 11ನೆಯ ಹುಟ್ಟುಹಬ್ಬದ ದಿನ ಕುಟುಂಬದ ಸ್ನೇಹಿತರೊಬ್ಬರ ಹೆಸರಿನಿಂದ ಗ್ರಹಾಂ ಎಂಬುದನ್ನು ಕೂಡಿಸಿದನು. ಅಜ್ಜನೂ ತಂದೆಯೂ ಸ್ಪಷ್ಟವಾದ ಮಾತನ್ನು ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವರು. ಆದಕಾರಣ ಮಾತೆಂಬುದು ಆ ಮನೆಯಲ್ಲಿ ಅನ್ನವೂ ಆಗಿತ್ತು, ವಿದ್ಯೆಯೂ ಆಗಿತ್ತು.

ತಾಯಿಯಾದ ಎಲೈಜಾ ಎಂಬಾಕೆಯು ಚಿತ್ರ ಬರೆಯುವುದರಲ್ಲಿಯೂ ಪಿಯಾನೋ ನುಡಿಸುವುದರಲ್ಲಿಯೂ ನಿಪುಣೆ. ಆಕೆಗೆ ಕಿವಿಯು ಬಹಳ ಮಂದವಾಗಿತ್ತು. ಕೊಳವೆಯನ್ನು ಕಿವಿಗಿಟ್ಟುಕೊಂಡು ಅಲ್ಪಸ್ವಲ್ಪ ಕೇಳುತ್ತಿದ್ದಳು. ಮಿಕ್ಕವರೆಲ್ಲರೂ ಆ ಕೊಳವೆಯೊಳಗೆ ಗಟ್ಟಿಯಾಗಿ ಕೂಗುತ್ತಿರುವಾಗ, ಬಾಲಕ ಅಲೆಕ್ಸಾಂಡರನು ಮಾತ್ರ ತಾಯಿಯ ಹಣೆಯ ಬಳಿಗೆ ತನ್ನ ಬಾಯನ್ನು ತಂದು, ತಗ್ಗಿದ ಸ್ವರದಲ್ಲಿ ನಿಧಾನವಾಗಿ ಮಾತನಾಡುವನು. ಸ್ವರದ ಕಂಪನವು ಎಲುಬಿನ ಮೂಲಕ ಆಕೆಗೆ ತಿಳಿಯುವುದೆಂದು ಅವನ ಎಣಿಕೆ. ಇದಲ್ಲದೆ ಬೆರಳುಗಳಿಂದ ಅಕ್ಷರಗಳನ್ನು ತೋರಿಸುವ ಕೈಬರಹವನ್ನೂ ಕಲಿತು, ಮನೆಗೆ ಬಂದವರು ಸಂಭಾಷಿಸುತ್ತಿರುವಾಗ ತಾಯಿಯ ಪಕ್ಕದಲ್ಲಿ ಕುಳಿತು ಅವರ ಮಾತನ್ನೆಲ್ಲಾ ಬೆರಳುಗಳಿಂದ ಆಕೆಗೆ ತಿಳಿಸುತ್ತಿದ್ದನು. ಈ ಬೆರಳುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ಕೊನೆಯಲ್ಲಿ ಅವು ಮತ್ತೊಮ್ಮೆ ಬರುವುವು.

ತಂದೆಯಾದ ಮೆಲ್‌ವಿಲ್ ಬೆಲ್ಲರು 1867ನೆಯ ಇಸವಿಯಲ್ಲಿ ಗೋಚರ ವಾಣಿಯೆಂಬ ಅರ್ಥವುಳ್ಳ ಹೆಸರಿನ ಒಂದು ಹೊಸ ಲಿಪಿಯನ್ನು ಪ್ರಕಟಿಸಿದರು. ಕನ್ನಡವನ್ನು ಬಲ್ಲ ನಮಗೆ ಅದರ ಮರ್ಮವು ಸುಲಭವಾಗಿ ತಿಳಿಯುವುದು. ನಮ್ಮ ವರ್ಣಮಾಲೆಯಲ್ಲಿ ಕಂಠದಿಂದ ಹುಟ್ಟುವ ಅಕ್ಷರಗಳನ್ನು ಮೊದಲಿಟ್ಟು, ತಾಲವ್ಯ, ಮೂರ್ಧನ್ಯ, ದಂತ್ಯಗಳನ್ನು ದಾಟಿ, ತುಟಿಗಳಿಂದ ಹುಟ್ಟುವ ಅಕ್ಷರಗಳವರೆಗೆ ಕ್ರಮವಾಗಿ ಬರುತ್ತೇವಷ್ಟೆ. ಪೂರ್ವಿಕರು ಅಕ್ಷರಗಳ ಕ್ರಮದಲ್ಲಿ ಇಟ್ಟುದನ್ನು ಮೆಲ್‌ವಿಲ್ ಬೆಲ್ಲರು ಅಕ್ಷರಗಳ ಆಕಾರದಲ್ಲಿಯೇ ಇಟ್ಟರು. ಒಂದೊಂದು ಗುರುತೂ ನಾಲಿಗೆಯು ಎಲ್ಲಿರಬೇಕು, ತುಟಿಯು ಹೇಗಿರಬೇಕು, ಗಂಟಲು ಏನು ಮಾಡಬೇಕು ಎಂಬುದನ್ನು ಕಣ್ಣಿಗೆ ತೋರಿಸುವುದು. ಸಭೆಗಳಲ್ಲಿ ಅಲೆಕ್ಸಾಂಡರನನ್ನು ಹೊರಗೆ ಕಳುಹಿಸಿ, ಸಭಿಕರು ಹೇಳಿದ ಯಾವುದೋ ಭಾಷೆಯ ಮಾತನ್ನು ತಂದೆಯು ಹಲಗೆಯ ಮೇಲೆ ಬರೆಯುವನು. ಮಗನು ಒಳಗೆ ಬಂದು, ಅರ್ಥ ತಿಳಿಯದಿದ್ದರೂ ಅದನ್ನು ತಪ್ಪಿಲ್ಲದೆ ಉಚ್ಚರಿಸುವನು. ಸಂಸ್ಕೃತದ ಮಾತುಗಳನ್ನು ಕೂಡ ಹೀಗೆ ಓದುತ್ತಿದ್ದನಂತೆ. ಒಂದು ಸಲ ಹುಟ್ಟಿ ಗಾಳಿಯಲ್ಲಿ ಲಯವಾಗುವ ಧ್ವನಿಯನ್ನು ಬೇರೊಂದು ರೂಪಕ್ಕೆ ತಂದು ಇಡಬಹುದು, ಆ ರೂಪದಿಂದ ತಿರುಗಿ ಧ್ವನಿಯನ್ನು ಹುಟ್ಟಿಸಬಹುದು ಎಂಬ ನಂಬಿಕೆಯು ಆ ಯುವಕನ ಮನಸ್ಸಿನಲ್ಲಿ ಬೇರೂರಿದ್ದು ಇಲ್ಲಿಯೇ. ಮುಂದೆ ಅವರು ಮಾಡಿದ ಕೆಲಸಗಳಲ್ಲಿ ಬಹುಪಾಲು ಈ ಒಂದು ನಂಬಿಕೆಯ ಕೊಂಬೆಗಳು.

ಆದರೆ ಆ ಮನೆಗೆ ದೊಡ್ಡ ದುಃಖವು ಕಾದಿತ್ತು. ತಮ್ಮನಾದ ಎಡ್ವರ್ಡನು 1867ರಲ್ಲಿಯೂ, ಅಣ್ಣನಾದ ಮೆಲ್‌ವಿಲ್ಲನು 1870ರಲ್ಲಿಯೂ ಕ್ಷಯರೋಗಕ್ಕೆ ತುತ್ತಾದರು. ಮೂವರು ಮಕ್ಕಳಲ್ಲಿ ಉಳಿದವನು ಒಬ್ಬನೇ; ಅವನೂ ಸೊರಗುತ್ತಿದ್ದನು. ಆದಕಾರಣ ತಂದೆತಾಯಿಗಳು ಲಂಡನ್ ಪಟ್ಟಣದ ಮನೆಯನ್ನು ಬಿಟ್ಟು, ಅದೇ 1870ರಲ್ಲಿ ಅವನನ್ನು ಕರೆದುಕೊಂಡು ಸಮುದ್ರವನ್ನು ದಾಟಿ, ಕೆನಡಾ ದೇಶದ ಬ್ರಾಂಟ್‌ಫರ್ಡ್ ಎಂಬ ಊರಿನ ಬಳಿ ನೆಲೆಸಿದರು. ಅಲ್ಲಿಯ ಒಳ್ಳೆಯ ಗಾಳಿಯಿಂದ ಅವನಿಗೆ ಆರೋಗ್ಯವುಂಟಾಯಿತು. ಮಾರನೆಯ ವರ್ಷ ಬಾಸ್ಟನ್ ನಗರದ ಕಿವುಡ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ಸಾರಾ ಫುಲ್ಲರ್ ಎಂಬವರ ಬಳಿ ತಂದೆಯ ಲಿಪಿಯನ್ನು ಕಲಿಸುವುದಕ್ಕಾಗಿ ಅವನು ಹೋದನು. ಇಲ್ಲಿಂದ ಮುಂದೆ ನಾವು ಬೆಲ್ ಮಹಾಶಯರೆಂದು ಕರೆಯಬೇಕಾದ ಉಪಾಧ್ಯಾಯರ ಜೀವನವು ಪ್ರಾರಂಭವಾಗುವುದು.

ಹುಟ್ಟಿದಂದಿನಿಂದ ಒಂದು ಶಬ್ದವನ್ನೂ ಕೇಳದ ಮಗುವಿಗೆ ಮಾತನ್ನು ಕಲಿಸುವುದು ಎಂಥ ಕೆಲಸವೆಂಬುದನ್ನು ಉಪಾಧ್ಯಾಯಿನಿಯರು ಊಹಿಸಬಲ್ಲರು. ಬೆಲ್ ಮಹಾಶಯರು ಮಗುವಿನ ಕೈಯನ್ನು ತಮ್ಮ ಗಂಟಲಿನ ಮೇಲಿಟ್ಟುಕೊಂಡು ಕಂಪನವನ್ನು ತಿಳಿಸುವರು; ಹಲಗೆಯ ಮೇಲೆ ನಾಲಿಗೆಯ ಚಿತ್ರವನ್ನು ಬರೆಯುವರು; ಒಂದು ಅಕ್ಷರಕ್ಕಾಗಿ ದಿನಗಟ್ಟಲೆ ಕಾಯುವರು. ಜಾರ್ಜ್ ಸ್ಯಾಂಡರ್ಸ್ ಎಂಬ ಪುಟ್ಟ ಬಾಲಕನಿಗಾಗಿ ಕೈಚೀಲದ ಬೆರಳುಗಳ ಮೇಲೆಲ್ಲಾ ಅಕ್ಷರಗಳನ್ನು ಬರೆದು, ಅದನ್ನು ತೊಟ್ಟ ಕೈಯ ಮೇಲೆ ಒಂದೊಂದಾಗಿ ಮುಟ್ಟುತ್ತಾ ಮಾತುಗಳನ್ನು ಕೂಡಿಸುವರು. 1873ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದವರು ಅವರನ್ನು ಪ್ರಾಧ್ಯಾಪಕರನ್ನಾಗಿ ನಿಯಮಿಸಿದರು. ಅವರ ಶಿಷ್ಯೆಯರಲ್ಲಿ ಮೇಬಲ್ ಹಬ್ಬರ್ಡ್ ಎಂಬಾಕೆಯು ಒಬ್ಬಳು. ಆಕೆಯು ಐದು ವರ್ಷದ ಕೂಸಾಗಿದ್ದಾಗ ಕೆಂಪುಜ್ವರದಿಂದ ಕಿವಿಯನ್ನು ಕಳೆದುಕೊಂಡಿದ್ದಳು. ಆದರೂ ಎದುರಿನವರ ತುಟಿಗಳ ಚಲನೆಯನ್ನು ನೋಡಿ ಮಾತನ್ನು ತಿಳಿದುಕೊಳ್ಳುವುದರಲ್ಲಿ ಬಹಳ ಚತುರೆಯಾಗಿದ್ದಳು. ಜಾರ್ಜನ ತಂದೆಯೂ ಮೇಬಲಳ ತಂದೆಯೂ ಬೆಲ್ ಮಹಾಶಯರ ಪ್ರಯೋಗಗಳಿಗೆ ಹಣವನ್ನೊದಗಿಸಿದರು. ಹೀಗೆ ಟೆಲಿಫೋನಿನ ಮೂಲಧನವು ಬಂದದ್ದು ಇಬ್ಬರು ಕಿವುಡ ಮಕ್ಕಳ ತಂದೆಗಳಿಂದ.

ಆಗ್ಗೆ ತಂತಿಯ ಮೂಲಕ ಚುಕ್ಕೆಗೆರೆಗಳ ಸಂಕೇತದಲ್ಲಿ ವರ್ತಮಾನವನ್ನು ಕಳುಹಿಸುವ ಪದ್ಧತಿಯು ಎಲ್ಲೆಲ್ಲಿಯೂ ಇತ್ತು. ಒಂದೇ ತಂತಿಯಲ್ಲಿ ಬೇರೆ ಬೇರೆ ಸ್ವರಗಳ ಸಹಾಯದಿಂದ ಅನೇಕ ವರ್ತಮಾನಗಳನ್ನು ಏಕಕಾಲದಲ್ಲಿ ಕಳುಹಿಸಬೇಕೆಂದು ಬೆಲ್ ಮಹಾಶಯರು ಹಗಲು ಪಾಠ ಹೇಳಿ ರಾತ್ರಿ ನಿದ್ದೆಗೆಟ್ಟು ಪ್ರಯತ್ನಿಸುತ್ತಿದ್ದರು. 1874ರ ಬೇಸಿಗೆಯಲ್ಲಿ ಅವರಿಗೆ ಒಬ್ಬ ಕರ್ಣವೈದ್ಯರಿಂದ ಮೃತನಾದ ಮನುಷ್ಯನೊಬ್ಬನ ಕಿವಿಯ ಭಾಗವು ದೊರೆಯಿತು. ಅದರ ಸೂಕ್ಷ್ಮವಾದ ಎಲುಬಿಗೆ ಒಂದು ಹುಲ್ಲುಕಡ್ಡಿಯನ್ನು ಅಂಟಿಸಿ, ಮಸಿ ಹಿಡಿಸಿದ ಗಾಜಿನ ಮೇಲೆ ಅದರ ತುದಿಯು ತಾಗುವಂತೆ ಇಟ್ಟು, ಕಿವಿಯೊಳಗೆ ಮಾತನಾಡಿದರು. ಕಡ್ಡಿಯು ಅಲುಗಾಡಿ ಗಾಜಿನ ಮೇಲೆ ಅಲೆಯಲೆಯಾದ ಗೆರೆಯನ್ನು ಎಳೆಯಿತು. ಕಿವುಡ ಮಗುವು ತನ್ನ ಮಾತಿನ ಗೆರೆಯನ್ನು ಉಪಾಧ್ಯಾಯರ ಗೆರೆಯೊಂದಿಗೆ ಹೋಲಿಸಿ ತಿದ್ದಿಕೊಳ್ಳಲಿ ಎಂಬುದು ಅವರ ಉದ್ದೇಶ. ಆದರೆ ಗೆರೆಯನ್ನು ನೋಡುತ್ತಿರುವಾಗ ಬೇರೊಂದು ಯೋಚನೆಯು ಹೊಳೆಯಿತು. ಕಾಗದಕ್ಕಿಂತ ತೆಳ್ಳಗಿರುವ ಕಿವಿಯ ತಮಟೆಯು ಎಲುಬನ್ನು ಅಲುಗಾಡಿಸಬಲ್ಲುದಾದರೆ, ಅದಕ್ಕಿಂತ ದೊಡ್ಡದಾದ ಒಂದು ಪೊರೆಯು ಕಬ್ಬಿಣದ ತುಂಡನ್ನೇಕೆ ಅಲುಗಾಡಿಸಬಾರದು? ಆ ಕಬ್ಬಿಣದ ಅಲುಗಾಟವು ವಿದ್ಯುತ್ ಪ್ರವಾಹದಲ್ಲಿ ಅದೇ ಅಲೆಯನ್ನೇಕೆ ಹುಟ್ಟಿಸಬಾರದು? ಕಿವುಡರ ಪಾಠಕ್ಕಾಗಿ ಮಾಡಿದ ಸಾಧನದಿಂದ ಟೆಲಿಫೋನಿನ ತತ್ತ್ವವು ಹೀಗೆ ಹೊರಟಿತು.

ವಿದ್ಯುತ್ತಿನ ಶಾಸ್ತ್ರವನ್ನು ತಾವು ಚೆನ್ನಾಗಿ ಬಲ್ಲವರಲ್ಲವೆಂದು ಅವರು ಎದೆಗುಂದಿ, ವೃದ್ಧರಾದ ಜೋಸೆಫ್ ಹೆನ್ರಿ ಎಂಬ ವಿಜ್ಞಾನಿಗಳ ಬಳಿ ಅರಿಕೆಮಾಡಿಕೊಂಡರು. ತಿಳಿಯದಿದ್ದರೆ ಕಲಿತುಕೊಳ್ಳಬೇಕೆಂದು ಆ ಹಿರಿಯರು ಒಂದೇ ಮಾತಿನಲ್ಲಿ ಉತ್ತರಕೊಟ್ಟರು. ಅದು ಅವರಿಗೆ ಧೈರ್ಯವನ್ನು ತಂದಿತು. ಥಾಮಸ್ ವಾಟ್ಸನ್ ಎಂಬ ಕುಶಲಿಯಾದ ಯುವಕನು ಸಹಾಯಕನಾದನು. 1875ನೆಯ ಇಸವಿ ಜೂನ್ 2ನೆಯ ತಾರೀಖು, ಒಂದು ಕೋಣೆಯಲ್ಲಿ ವಾಟ್ಸನನು ಸಿಕ್ಕಿಕೊಂಡಿದ್ದ ಉಕ್ಕಿನ ನಾಲಿಗೆಯೊಂದನ್ನು ಮೀಟಲು, ಇನ್ನೊಂದು ಕೋಣೆಯಲ್ಲಿದ್ದ ಬೆಲ್ ಮಹಾಶಯರ ಕಿವಿಗೆ ಆ ನಾದವು ತಂತಿಯ ಮೂಲಕ ಕೇಳಿಸಿತು. 1876ರ ಫೆಬ್ರವರಿ 14ರಂದು ಹಕ್ಕುಪತ್ರಕ್ಕಾಗಿ ಅರ್ಜಿಯು ಸಲ್ಲಿತು. ಎಲಿಷಾ ಗ್ರೇ ಎಂಬ ಇನ್ನೊಬ್ಬರ ಮುನ್ಸೂಚನೆಯ ಪತ್ರವೂ ಅದೇ ದಿವಸ ಅದೇ ಕಛೇರಿಯನ್ನು ತಲಪಿತು. ಮಾರ್ಚಿ 7ರಂದು ಬೆಲ್ ಮಹಾಶಯರಿಗೆ 1,74,465ನೆಯ ನಂಬರಿನ ಹಕ್ಕುಪತ್ರವು ದೊರೆಯಿತು. ಮೂರು ದಿನಗಳ ತರುವಾಯ ಅವರು ವಾಟ್ಸನನನ್ನು ತಮ್ಮ ಬಳಿಗೆ ಬರುವಂತೆ ಯಂತ್ರದಲ್ಲಿ ಕರೆಯಲು, ಅವನು ಆ ಮಾತುಗಳನ್ನು ಸ್ಪಷ್ಟವಾಗಿ ಕೇಳಿ ಓಡಿಬಂದನು. ಆಗ ಬೆಲ್ ಮಹಾಶಯರಿಗೆ 29 ವರ್ಷ ವಯಸ್ಸು.

ಆ ವರ್ಷ ಫಿಲಡೆಲ್ಫಿಯಾ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನವು ನಡೆಯುತ್ತಿತ್ತು. ಶಾಲೆಯ ಪರೀಕ್ಷೆಗಳ ಕಾಲವಾದ್ದರಿಂದ ಬೆಲ್ ಮಹಾಶಯರು ಅಲ್ಲಿಗೆ ಹೋಗಲೊಲ್ಲದೆ ಇದ್ದರು. ಆಗ ಅವರಿಗೆ ನಿಶ್ಚಿತಾರ್ಥವಾಗಿದ್ದ ಮೇಬಲಳು ಗುಟ್ಟಾಗಿ ರೈಲಿನ ಟಿಕೆಟನ್ನು ಕೊಂಡು, ಅವರನ್ನು ಏನೋ ನೆವದಿಂದ ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ಸಂಗತಿಯನ್ನು ತಿಳಿದ ಅವರು ವಾದಮಾಡಲು ಪ್ರಾರಂಭಿಸಿದೊಡನೆ ಆಕೆಯು ಮುಖವನ್ನು ಆಚೆಗೆ ತಿರುಗಿಸಿಬಿಟ್ಟಳು. ತುಟಿಗಳನ್ನು ನೋಡದ ಹೊರತು ಆಕೆಗೆ ಮಾತು ತಿಳಿಯದಷ್ಟೆ! ವಾದಿಸುವುದಕ್ಕೆ ಕೇಳುವವರಿಲ್ಲದೆ ಅವರು ರೈಲನ್ನು ಹತ್ತಿದರು. ಜೂನ್ 25ರಂದು ಬ್ರೆಜಿಲ್ ದೇಶದ ಚಕ್ರವರ್ತಿಯಾದ ಡಾಂ ಪೆಡ್ರೊ ಎಂಬವರು ಯಂತ್ರವನ್ನು ಕಿವಿಗಿಟ್ಟು ಬೆರಗಾದರು. ಈ ಚಕ್ರವರ್ತಿಗಳು ಕೆಲವು ದಿನಗಳ ಹಿಂದೆ ಬಾಸ್ಟನ್ನಿನಲ್ಲಿ ಕಿವುಡ ಮಕ್ಕಳ ಶಾಲೆಯನ್ನು ನೋಡಲು ಬಂದಿದ್ದಾಗ ಅಲ್ಲಿಯ ಉಪಾಧ್ಯಾಯರ ಗುರುತನ್ನು ಹಿಡಿದಿದ್ದರು. ಆ ಪರಿಚಯದಿಂದಲೇ ಪ್ರದರ್ಶನದ ನ್ಯಾಯಾಧಿಪತಿಗಳ ಗಮನವು ಆ ಮೂಲೆಯ ಮೇಜಿನ ಕಡೆಗೆ ತಿರುಗಿತು.

1877ನೆಯ ಇಸವಿ ಜುಲೈ 11ರಂದು ಮೇಬಲಳೊಂದಿಗೆ ಅವರ ವಿವಾಹವಾಯಿತು. ತಮ್ಮ ಪಾಲಿಗೆ ಬಂದಿದ್ದ ಟೆಲಿಫೋನ್ ಕಂಪೆನಿಯ ಷೇರುಗಳಲ್ಲಿ 10ನ್ನು ಮಾತ್ರ ಇಟ್ಟುಕೊಂಡು ಉಳಿದವುಗಳೆಲ್ಲವನ್ನೂ ಅವರು ವಧುವಿಗೆ ಉಡುಗೊರೆಯಾಗಿ ಕೊಟ್ಟರು. ತರುವಾಯ ಹಕ್ಕಿನ ವಿಷಯವಾಗಿ ಸುಮಾರು 600 ವ್ಯಾಜ್ಯಗಳು ಹೂಡಲ್ಪಟ್ಟುವು. 1888ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಸ್ಥಾನವು ಬೆಲ್ ಮಹಾಶಯರ ಹಕ್ಕನ್ನು ಎತ್ತಿಹಿಡಿಯಿತು. ಆದಾಗ್ಯೂ ಇಟಲಿಯಿಂದ ಬಂದ ಬಡವರಾದ ಅಂತೋನಿಯೊ ಮೆಯೂಚಿ ಎಂಬವರು ಇದೇ ಹಾದಿಯಲ್ಲಿ ಮೊದಲೇ ದುಡಿದಿದ್ದರೆಂಬುದನ್ನು ಆ ದೇಶದ ಪ್ರತಿನಿಧಿ ಸಭೆಯು 2002ರಲ್ಲಿ ಗೌರವದಿಂದ ಸ್ಮರಿಸಿತೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ. ನಮ್ಮ ದೇಶಕ್ಕೆ ಟೆಲಿಫೋನ್ ಬಹು ಬೇಗನೆ ಬಂದಿತು. 1882ರ ಜನವರಿ 28ರಂದು ಕಲ್ಕತ್ತಾ, ಬೊಂಬಾಯಿ, ಮದರಾಸು ನಗರಗಳ ವಿನಿಮಯ ಕೇಂದ್ರಗಳು ತೆರೆಯಲ್ಪಟ್ಟುವೆಂದು ಸರ್ಕಾರದವರು ಸಾರಿದರು. 1948ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಟೆಲಿಫೋನ್ ಯಂತ್ರಗಳನ್ನು ಮಾಡುವ ದೊಡ್ಡ ಕಾರ್ಖಾನೆಯು ಹುಟ್ಟಿ, ಅದರ ಸುತ್ತಲಿನ ಬಡಾವಣೆಗೆ ದೂರವಾಣಿನಗರವೆಂಬ ಹೆಸರಾಯಿತು.

ಐಶ್ವರ್ಯವು ಬಂದಮೇಲೆ ಬೆಲ್ ಮಹಾಶಯರು ಸುಮ್ಮನೆ ಕುಳಿತವರಲ್ಲ. 1880ರಲ್ಲಿ ಫ್ರಾನ್ಸ್ ದೇಶದವರು ಕೊಟ್ಟ 50,000 ಫ್ರಾಂಕುಗಳ ವೋಲ್ಟಾ ಬಹುಮಾನವನ್ನು ಅವರು ಒಂದು ಪ್ರಯೋಗಶಾಲೆಗೆ ವಿನಿಯೋಗಿಸಿದರು. ಅದೇ ವರ್ಷ ಅವರು ಸೂರ್ಯನ ಬೆಳಕಿನ ಕಿರಣದ ಮೇಲೆ ಮಾತನ್ನು ಏರಿಸಿ, ತಂತಿಯಿಲ್ಲದೆ 200 ಮೀಟರಿಗಿಂತ ಹೆಚ್ಚು ದೂರಕ್ಕೆ ಕಳುಹಿಸಿ, ಅದನ್ನೇ ತಮ್ಮ ಅತ್ಯುತ್ತಮ ಕಾರ್ಯವೆಂದು ಎಣಿಸಿದರು. ತರುವಾಯ ಜೊತೆಗಾರರೊಂದಿಗೆ ಸೇರಿ, ಮೇಣದ ಮೇಲೆ ಧ್ವನಿಯನ್ನು ಕೊರೆದಿಡುವ ಯಂತ್ರವನ್ನು ಸಿದ್ಧಪಡಿಸಿದರು. ನಾಲಿಗೆಯ ಚಿತ್ರ, ಮಸಿಯ ಗೆರೆ, ವಿದ್ಯುತ್ತಿನ ಅಲೆ, ಬೆಳಕಿನ ಕಿರಣ, ಮೇಣದ ಕೊರೆತ: ಹೀಗೆ ಒಂದೇ ಧ್ವನಿಗೆ ಅವರು ಐದು ರೂಪಗಳನ್ನು ಕಂಡರು.

ಮೇಣದ ಯಂತ್ರದಿಂದ ಬಂದ ಹಣದಿಂದ 1887ರಲ್ಲಿ ವಾಷಿಂಗ್ಟನ್ ನಗರದಲ್ಲಿ ಕಿವುಡರ ವಿದ್ಯಾಭ್ಯಾಸದ ವಿಷಯವಾದ ಜ್ಞಾನವನ್ನು ಕೂಡಿಡುವುದಕ್ಕಾಗಿ ವೋಲ್ಟಾ ಬ್ಯೂರೋ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇದಕ್ಕೆ ಹಿಂದಿನ ವರ್ಷ ಆಲಬಾಮ ಸೀಮೆಯ ತಂದೆಯೊಬ್ಬನು ಕಣ್ಣೂ ಕಿವಿಯೂ ಇಲ್ಲದ ತನ್ನ ಆರು ವರ್ಷದ ಮಗಳನ್ನು ಅವರ ಬಳಿಗೆ ಕರೆತಂದಿದ್ದನು. ಬೆಲ್ ಮಹಾಶಯರು ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಬಾಸ್ಟನ್ನಿನ ಅಂಧರ ಶಾಲೆಗೆ ಬರೆಯುವಂತೆ ತಂದೆಗೆ ಹೇಳಿದರು. ಅದರಂತೆ ಆನ್ ಸುಲಿವನ್ ಎಂಬ ಉಪಾಧ್ಯಾಯಿನಿಯು 1887ರ ಮಾರ್ಚಿ 3ರಂದು, ಬೆಲ್ ಮಹಾಶಯರಿಗೆ 40 ವರ್ಷಗಳು ತುಂಬಿದ ದಿವಸವೇ, ಆ ಮನೆಯನ್ನು ಸೇರಿದಳು. ಆ ಬಾಲಿಕೆಯೇ ಹೆಲೆನ್ ಕೆಲ್ಲರ್. 1903ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನು ಆಕೆಯು ಬೆಲ್ ಮಹಾಶಯರಿಗೇ ಅರ್ಪಿಸಿದರು.

ಇಷ್ಟು ಬರೆದು ನಿಲ್ಲಿಸಿದರೆ ನಮ್ಮ ಕೆಲಸವು ಸುಲಭವಾಗುತ್ತಿತ್ತು. ಆದರೆ ಚರಿತ್ರೆಯೆಂದರೆ ಸ್ತೋತ್ರವಲ್ಲ. ಕಿವುಡರು ತಮ್ಮೊಳಗೆ ಕೈಸನ್ನೆಗಳ ಒಂದು ಭಾಷೆಯನ್ನು ಬೆಳೆಸಿಕೊಂಡಿದ್ದರು. ಅದರಲ್ಲಿ ಅವರು ನಗುವರು, ಪ್ರಾರ್ಥಿಸುವರು, ಪಾಠ ಹೇಳುವರು. ಬೆಲ್ ಮಹಾಶಯರು ಈ ಭಾಷೆಯನ್ನು ಶಾಲೆಗಳಿಂದ ದೂರವಿಡಬೇಕೆಂದು ತಮ್ಮ ಕೀರ್ತಿಯ ಬಲವನ್ನೆಲ್ಲಾ ಉಪಯೋಗಿಸಿ ವಾದಿಸಿದರು. ಕಿವುಡರು ಕೇಳುವವರಂತೆಯೇ ಬಾಯಿಂದ ಮಾತನಾಡಿ ಲೋಕದೊಳಗೆ ಬೆರೆಯಬೇಕು ಎಂಬುದು ಅವರ ಹಟ. ಕಿವುಡರು ಕಿವುಡರನ್ನು ಮದುವೆಯಾಗುವುದು ತಕ್ಕುದಲ್ಲವೆಂದು ಸಹ 1883ರಲ್ಲಿ ವಿದ್ವಾಂಸರ ಸಭೆಯಲ್ಲಿ ಒಂದು ಪ್ರಬಂಧವನ್ನೋದಿದರು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕೂಡಿದ ಉಪಾಧ್ಯಾಯರ ಮಹಾಸಭೆಯು ಇದೇ ಅಭಿಪ್ರಾಯವನ್ನು ಸ್ಥಿರಪಡಿಸಲು, ಅನೇಕ ದೇಶಗಳ ಶಾಲೆಗಳಿಂದ ಸನ್ನೆಭಾಷೆಯೂ ಅದನ್ನು ಬಲ್ಲ ಕಿವುಡ ಉಪಾಧ್ಯಾಯರೂ ಹೊರದೂಡಲ್ಪಟ್ಟರು. ಮೇಬಲಳಂತೆ ಮೊದಲು ಮಾತನ್ನು ಕಲಿತು ಆಮೇಲೆ ಕಿವಿಯನ್ನು ಕಳೆದುಕೊಂಡ ಮಗುವಿಗೆ ಹಿತವಾದದ್ದು ಹುಟ್ಟು ಕಿವುಡ ಮಗುವಿಗೂ ಹಿತವೆಂದು ಎಣಿಸಿದ್ದು ದೊಡ್ಡ ತಪ್ಪು. ಆ ಮಿಲಾನ್ ನಿರ್ಣಯಕ್ಕಾಗಿ ಅದೇ ಮಹಾಸಭೆಯ ವಾರಸುದಾರರು 2010ರಲ್ಲಿ ವ್ಯಾಂಕೂವರ್ ನಗರದಲ್ಲಿ ಬಹಿರಂಗವಾಗಿ ವಿಷಾದವನ್ನು ಸೂಚಿಸಿದರು. ಅಷ್ಟರಲ್ಲಿ 130 ವರ್ಷಗಳು ಕಳೆದಿದ್ದುವು. ಪ್ರೀತಿಯಿಂದ ಮಾಡಿದ ತಪ್ಪೂ ತಪ್ಪೇ. ಯಾರ ಹಿತಕ್ಕಾಗಿ ದುಡಿಯುತ್ತೇವೋ ಅವರನ್ನು ಕೇಳದೆ ದುಡಿದರೆ ಹೀಗಾಗುವುದು.

ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು ಉಳಿದರು. ಇಬ್ಬರು ಗಂಡುಮಕ್ಕಳು ಹಸುಗೂಸುಗಳಾಗಿಯೇ ತೀರಿಕೊಂಡರು. ಉತ್ತರವಯಸ್ಸಿನಲ್ಲಿ ಬೆಲ್ ಮಹಾಶಯರು ಕೆನಡಾ ದೇಶದ ಬ್ಯಾಡೆಕ್ ಎಂಬಲ್ಲಿಯ ತಮ್ಮ ಮನೆಯಲ್ಲಿ ಗಾಳಿಪಟಗಳನ್ನೂ ವಿಮಾನಗಳನ್ನೂ ಕುರಿತು ಪ್ರಯೋಗಮಾಡಿದರು. ಅದಕ್ಕೆ ಬೇಕಾದ ಹಣವನ್ನು ಕೊಟ್ಟು ಸಂಘವನ್ನು ನಡೆಯಿಸಿದವಳು ಮೇಬಲಳೇ. 1922ನೆಯ ಇಸವಿ ಆಗಸ್ಟ್ 2ರಂದು ಅವರು ಅಲ್ಲಿಯೇ ಮರಣಹೊಂದಿದರು. ಆ ಕೊನೆಯ ಗಳಿಗೆಯಲ್ಲಿ ಪತ್ನಿಯು ತನ್ನನ್ನು ಬಿಟ್ಟುಹೋಗಬೇಡವೆಂದು ಪಿಸುಗುಟ್ಟಲು, ಮಾತನಾಡುವ ಶಕ್ತಿಯುಡುಗಿದ್ದ ಅವರು ಇಲ್ಲವೆಂಬ ಅರ್ಥವನ್ನು ಬೆರಳುಗಳ ಸನ್ನೆಯಿಂದ ತಿಳಿಸಿದರೆಂದು ಚರಿತ್ರಕಾರರು ಬರೆದಿದ್ದಾರೆ. ತಾಯಿಗೆ ಮಾತುಗಳನ್ನು ಮುಟ್ಟಿಸಿದ್ದ ಬೆರಳುಗಳೇ ಕಡೆಯ ಉತ್ತರವನ್ನೂ ಕೊಟ್ಟುವು. ಎರಡು ದಿನಗಳ ತರುವಾಯ ಅವರನ್ನು ಸಮಾಧಿಮಾಡುವಾಗ ಉತ್ತರ ಅಮೆರಿಕದ ಟೆಲಿಫೋನುಗಳೆಲ್ಲವೂ ಒಂದು ನಿಮಿಷ ಮೌನವಾದುವು. ಮಾರನೆಯ ವರ್ಷದ ಜನವರಿ 3ರಂದು ಮೇಬಲಳೂ ಅವರನ್ನು ಹಿಂಬಾಲಿಸಿದಳು.

ಇಲ್ಲಿಗೆ ಮನುಷ್ಯನ ಆಯುಸ್ಸು ಮುಗಿಯಿತಾದರೂ ಕಾರ್ಯವು ಮುಗಿಯಲಿಲ್ಲ. ಅವರ ಯಂತ್ರವು ಮನೆಮನೆಗೂ ಬಂದಷ್ಟೂ ಕಿವುಡರ ಕಷ್ಟವು ಹೆಚ್ಚಿತು. ಯಾಕಂದರೆ ಉದ್ಯೋಗ, ವೈದ್ಯ, ಬಂಧುಬಳಗ ಎಲ್ಲವೂ ಟೆಲಿಫೋನನ್ನು ನೆಚ್ಚಿಕೊಂಡುವು. ಈ ಬಾಗಿಲನ್ನು ತೆರೆದವರು ಸ್ವತಃ ಕಿವುಡರೇ. ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ಭೌತವಿಜ್ಞಾನಿಯು ಹಳೆಯ ತಂತೀಬೆರಳಚ್ಚು ಯಂತ್ರಕ್ಕೆ ಒಂದು ಸಣ್ಣ ಪೆಟ್ಟಿಗೆಯನ್ನು ಜೋಡಿಸಿದರು. ಅಚ್ಚುಮಣೆಯ ಮೇಲೆ ಅಕ್ಷರವನ್ನು ಒತ್ತಿದರೆ ಆ ಪೆಟ್ಟಿಗೆಯು ಅದನ್ನು ಎರಡು ಸ್ವರಗಳ ಕೂಗನ್ನಾಗಿ ಮಾರ್ಪಡಿಸುವುದು. ಪಕ್ಕದಲ್ಲಿಟ್ಟ ಟೆಲಿಫೋನು ಆ ಕೂಗನ್ನು ಮಾತೆಂದೇ ತಿಳಿದು ಕೊಂಡೊಯ್ಯುವುದು. ಆ ಕೊನೆಯಲ್ಲಿರುವ ಪೆಟ್ಟಿಗೆಯು ಕೂಗನ್ನು ತಿರುಗಿ ಅಕ್ಷರವಾಗಿಸುವುದು. ಇಂಥ ಪೆಟ್ಟಿಗೆಗೆ ಮಾಡೆಮ್ ಎಂದು ಹೆಸರು. 1964ರಲ್ಲಿ ಅವರೂ ದಂತವೈದ್ಯರಾದ ಜೇಮ್ಸ್ ಮಾರ್ಸ್‌ಟರ್ಸ್ ಎಂಬ ಇನ್ನೊಬ್ಬ ಕಿವುಡರೂ ಕ್ಯಾಲಿಫೋರ್ನಿಯದ ಎರಡು ಊರುಗಳಿಂದ ಹೀಗೆ ಸಂಭಾಷಿಸಿದರು. ಟೆಲಿಫೋನು ಹುಟ್ಟಿ 88 ವರ್ಷಗಳ ಮೇಲೆ, ಯಾರ ಶಾಲೆಯಲ್ಲಿ ಅದು ಹುಟ್ಟಿತೋ ಅವರ ಕೈಗೆ ಅದು ಬಂದಿತು. ತರುವಾಯ ಬರೆದ ಕಾಗದವನ್ನೇ ಸ್ವರಗಳಾಗಿಸಿ ಕಳುಹಿಸುವ ಫ್ಯಾಕ್ಸ್ ಯಂತ್ರವೂ ಕಿವುಡರಿಗೆ ನೆರವಾಯಿತು. ಫ್ಯಾಕ್ಸಿನ ಮೂಲತತ್ತ್ವಕ್ಕೆ ಅಲೆಕ್ಸಾಂಡರ್ ಬೇನ್ ಎಂಬ ಸ್ಕಾಟ್ಲೆಂಡಿನ ಗಡಿಯಾರದವನು 1843ರಲ್ಲಿಯೇ, ಬೆಲ್ ಮಹಾಶಯರು ಹುಟ್ಟುವುದಕ್ಕೆ ಮುಂಚೆಯೇ, ಹಕ್ಕುಪತ್ರವನ್ನು ಪಡೆದಿದ್ದನೆಂಬುದು ಆಶ್ಚರ್ಯ.

ಧ್ವನಿಯ ಆರನೆಯ ರೂಪವು ಅಂಕಿಗಳದು. ರಂಗೋಲಿಯನ್ನು ಹಾಕುವ ಗೃಹಿಣಿಯು ಮೊದಲು ಚುಕ್ಕೆಗಳನ್ನಿಟ್ಟು ಆಮೇಲೆ ಅವುಗಳನ್ನು ಗೆರೆಯಿಂದ ಸೇರಿಸುವಳಷ್ಟೆ. ಅದರಂತೆಯೇ ಧ್ವನಿಯ ಅಲೆಯ ಮೇಲೆ ಒಂದು ಸೆಕೆಂಡಿಗೆ 8,000 ಚುಕ್ಕೆಗಳನ್ನಿಟ್ಟು, ಒಂದೊಂದು ಚುಕ್ಕೆಯ ಎತ್ತರವನ್ನೂ ಸೊನ್ನೆ ಒಂದುಗಳ 8 ಸ್ಥಾನಗಳಲ್ಲಿ ಬರೆದಿಟ್ಟರೆ, ಆ ಚುಕ್ಕೆಗಳಿಂದ ಅಲೆಯನ್ನು ತಿರುಗಿ ಎಳೆಯಬಹುದು. ಈ ತತ್ತ್ವವನ್ನು ಅಲೆಕ್ ರೀವ್ಸ್ ಎಂಬ ಆಂಗ್ಲೇಯರು 1938ರಲ್ಲಿ ಹಕ್ಕುಪತ್ರದಲ್ಲಿ ಬರೆದರು. 1986ರಲ್ಲಿ ಚೆನ್ನಮ್ಮರಾಣಿಯ ಕಿತ್ತೂರಿನಲ್ಲಿ ಸ್ಥಾಪಿತವಾದ, ನಮ್ಮ ದೇಶದಲ್ಲಿಯೇ ರಚಿಸಿದ ಗ್ರಾಮೀಣ ವಿನಿಮಯ ಕೇಂದ್ರವು ಮಾತನ್ನು ಸಾಗಿಸಿದ್ದು ಹೀಗೆ ಅಂಕಿಗಳಲ್ಲಿಯೇ. ಆದರೆ ಇಷ್ಟು ಅಂಕಿಗಳನ್ನು ಕೂಡಿಡಲು ಸ್ಥಳವು ಬಹಳ ಬೇಕು. ಮಗುವಿನ ಎತ್ತರವನ್ನು ಬಾಗಿಲಚೌಕಟ್ಟಿನ ಮೇಲೆ ಗುರುತುಮಾಡುವ ತಾಯಿಯು ಪ್ರತಿ ಸಲವೂ ನೆಲದಿಂದ ಅಳೆಯದೆ, ಹಿಂದಿನ ಗುರುತಿಗಿಂತ ಎಷ್ಟು ಬೆಳೆಯಿತೆಂಬುದನ್ನು ಮಾತ್ರ ನೋಡುವಳು. ಹಾಗೆಯೇ ಹಿಂದಿನ ಚುಕ್ಕೆಗಳಿಂದ ಮುಂದಿನದನ್ನು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಟ್ಟು, ಮಾತು ಏರಿದಾಗ ಅಳತೆಯನ್ನು ಹಿಗ್ಗಿಸಿ ಇಳಿದಾಗ ಕುಗ್ಗಿಸಿದರೆ, 8ರ ಬದಲು 4 ಸ್ಥಾನಗಳೇ ಸಾಕಾಗುವುವು.

ಈ ಉಪಾಯವನ್ನು 1973ರಲ್ಲಿ ಬೆಲ್ ಮಹಾಶಯರ ಹೆಸರನ್ನೇ ಹೊತ್ತ ಅಮೆರಿಕದ ಬೆಲ್ ಪ್ರಯೋಗಶಾಲೆಯಿಂದ ಪ್ರಕಟಿಸಿದ ಮೂವರಲ್ಲಿ ನುಗ್ಗೆಹಳ್ಳಿ ಸಂಪತ್ ಜಯಂತ್ ಎಂಬವರು ಒಬ್ಬರು. ಇವರು ಡಾಕ್ಟರ್ ಪದವಿಯನ್ನು ಪಡೆದದ್ದು ಯಶವಂತಪುರಕ್ಕೆ ಸಮೀಪದಲ್ಲಿ, ನಮ್ಮ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಮಾತನ್ನು ಅಂಕಿಗಳಲ್ಲಿ ಇನ್ನೂ ಸಂಕ್ಷೇಪಿಸುವ ಮಾರ್ಗವನ್ನು ತೋರಿಸಿದ ಬಿಷ್ಣು ಅಟಲ್ ಎಂಬವರೂ 1957ರಿಂದ 1960ರ ವರೆಗೆ ಅದೇ ಸಂಸ್ಥೆಯಲ್ಲಿ ಧ್ವನಿಶಾಸ್ತ್ರದ ಉಪನ್ಯಾಸಕರಾಗಿದ್ದು ಬೆಲ್ ಪ್ರಯೋಗಶಾಲೆಗೆ ಹೋದವರು. ಹೆಬ್ಬಾಳ, ಯಲಹಂಕಗಳಿಂದ ಆ ಕಡೆಗೆ ಬಸ್ಸಿನಲ್ಲಿ ಹೋಗುವ ನಮ್ಮ ವಿದ್ಯಾರ್ಥಿನಿಯರು ಆ ಮರಗಳ ಸಾಲನ್ನು ನೋಡಿದಾಗ ಇದನ್ನು ನೆನೆಯಲಿ.

1990ರ ದಶಕದಲ್ಲಿ ಮನೆಯ ಕಂಪ್ಯೂಟರಿಗೆ ಜೋಡಿಸುತ್ತಿದ್ದ ಮಾಡೆಮ್‌ಗಳು ಅಕ್ಷರವನ್ನೂ ಫ್ಯಾಕ್ಸನ್ನೂ ಸಾಗಿಸುವುದಲ್ಲದೆ, ಮನೆಯವರಿಲ್ಲದಾಗ ಕರೆದವರ ಮಾತನ್ನು ಈ ಸಂಕ್ಷೇಪ ಲಿಪಿಯಲ್ಲಿಯೇ ಬರೆದಿಡುತ್ತಿದ್ದುವು. ಆದರೆ ಒಬ್ಬ ತಯಾರಕನು ಸೆಕೆಂಡಿಗೆ 7,200 ಚುಕ್ಕೆಗಳನ್ನಿಟ್ಟರೆ ಇನ್ನೊಬ್ಬನು 8,000ವನ್ನಿಟ್ಟನು. ಒಬ್ಬನು 2 ಸ್ಥಾನಗಳಲ್ಲಿ ಬರೆದರೆ ಮತ್ತೊಬ್ಬನು 4ರಲ್ಲಿ ಬರೆದನು. ಒಬ್ಬನ ಯಂತ್ರವು ಬರೆದ ಮಾತನ್ನು ಇನ್ನೊಬ್ಬನ ಯಂತ್ರವು ಓದಲಾರದೆ ಹೋಗಿ, ನಡುವೆ ಎಲ್ಲರಿಗೂ ಸಾಮಾನ್ಯವಾದ ರೂಪವೊಂದಕ್ಕೆ ಭಾಷಾಂತರಿಸಬೇಕಾಗುತ್ತಿತ್ತು. ಮೆಲ್‌ವಿಲ್ ಬೆಲ್ಲರ ಅಂದವಾದ ಲಿಪಿಯೂ ಹೀಗೆಯೇ, ಅದನ್ನು ಓದಬಲ್ಲವರು ಸ್ವಲ್ಪ ಮಂದಿಯಾದ್ದರಿಂದ ಬಳಕೆಯಿಂದ ಹೋಯಿತು. ಬರೆಯುವವನಿಗೆ ಮಾತ್ರ ತಿಳಿಯುವ ಲಿಪಿಯು ಎಷ್ಟು ಜಾಣತನದ್ದಾದರೂ ಲಿಪಿಯಲ್ಲ. ಓದುವವನಿಗೂ ಅದು ತನ್ನದಾಗಿರಬೇಕು.

ಬೆಲ್ ಮಹಾಶಯರ ಸ್ವಂತ ಧ್ವನಿಯು ಬಹುಕಾಲ ಯಾರಿಗೂ ಕೇಳಲು ದೊರೆತಿರಲಿಲ್ಲ. ಅವರು 1885ರ ಏಪ್ರಿಲ್ 15ರಂದು ಮಾತನಾಡಿ ಇಟ್ಟ ಮೇಣದ ತಟ್ಟೆಯೊಂದು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಮೂಕವಾಗಿ ಬಿದ್ದಿತ್ತು. 2013ರಲ್ಲಿ ವಿದ್ವಾಂಸರು ಅದಕ್ಕೆ ಸೂಜಿಯನ್ನು ತಾಗಿಸದೆ, ಬೆಳಕಿನಿಂದ ಅದರ ಕೊರೆತಗಳ ಚಿತ್ರವನ್ನು ತೆಗೆದು, ಚಿತ್ರವನ್ನು ಅಂಕಿಗಳಾಗಿಸಿ, ಅಂಕಿಗಳನ್ನು ಧ್ವನಿಯಾಗಿಸಿದರು. ಅವರು ಅಂಕಿಗಳನ್ನು ಎಣಿಸುತ್ತಿರುವುದೂ, ಕಡೆಗೆ ತಮ್ಮ ಧ್ವನಿಯನ್ನು ಕೇಳುವಂತೆ ಹೆಸರು ಹೇಳಿಕೊಂಡು ಬೇಡುವುದೂ ಅದರಲ್ಲಿ ಕೇಳಿಬರುವುದು. ಆದರೆ ಮೇಬಲಳು ಆ ಧ್ವನಿಯನ್ನು ತನ್ನ ಜೀವಮಾನದಲ್ಲಿ ಒಂದು ಸಲವೂ ಕೇಳಲಿಲ್ಲ. ಆದರೂ ಅವರನ್ನು ಆಕೆಯಷ್ಟು ಚೆನ್ನಾಗಿ ತಿಳಿದವರು ಬೇರೊಬ್ಬರಿಲ್ಲ.

ಮಾರ್ಕನು ಬರೆದ ಸುವಾರ್ತೆಯಲ್ಲಿ ಕಿವುಡನಾದ ಒಬ್ಬನನ್ನು ಕರ್ತನ ಬಳಿಗೆ ಕರೆತಂದ ವೃತ್ತಾಂತವನ್ನು ನಾವೆಲ್ಲರೂ ಬಾಲ್ಯದಿಂದ ಓದಿದ್ದೇವೆ. ಕರ್ತನು ಅವನನ್ನು ಗುಂಪಿನಿಂದ ಬೇರೆಯಾಗಿ ಕರೆದುಕೊಂಡು ಹೋಗಿ, ಮೊದಲು ಬೆರಳುಗಳನ್ನು ಅವನ ಕಿವಿಗಳಲ್ಲಿಟ್ಟು, ನಾಲಿಗೆಯನ್ನು ಮುಟ್ಟಿ, ಆಕಾಶದ ಕಡೆಗೆ ನೋಡಿದನು. ಮಾತನಾಡಿದ್ದು ಅದರ ಮೇಲೆ. ಕೇಳಲಾರದವನೊಂದಿಗೆ ಅವನಿಗೆ ತಿಳಿಯುವ ರೀತಿಯಲ್ಲಿಯೇ ಮೊದಲು ಸಂಭಾಷಿಸಿದನೆಂದು ನಮಗೆ ತೋರುವುದು. ಬೆಲ್ ಮಹಾಶಯರ ತಾಳ್ಮೆಯನ್ನೂ ದುಡಿಮೆಯನ್ನೂ ನಮ್ಮ ಮಕ್ಕಳು ಕಲಿಯಲಿ. ಅವರು ಮರೆತ ಈ ಒಂದು ಪಾಠವನ್ನೂ ಕಲಿಯಲಿ. ನಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಮಾತನಾಡದೆ ಕುಳಿತ ಬಾಲಿಕೆಯು ಯಾವ ರೂಪದಲ್ಲಿ ಮಾತನಾಡಬಲ್ಲಳೆಂಬುದನ್ನು ಆಕೆಯಿಂದಲೇ ಕೇಳಿ ತಿಳಿದುಕೊಳ್ಳುವ ಉಪಾಧ್ಯಾಯಿನಿಯು ಆ ಮಹಾಶಯರು ಅರ್ಧಕ್ಕೆ ಬಿಟ್ಟ ಕಾರ್ಯವನ್ನು ಪೂರೈಸಿದವಳಾಗುವಳು.